ಆಂಬೇಮಾಳದಲ್ಲಿ ಯಾರೂ ಇಲ್ಲ

ಕರಿಹೊಳೆಯ ಕಾಡಿನಲ್ಲಿರುವ ಪ್ರತಿಯೊಂದು ಜೀವದ ಹೆಸರೂ ಸುಲೋಚನಾ ಬಡಿಗೇರಳಿಗೆ ಗೊತ್ತಿತ್ತು. ಕಾಡನ್ನು ಮಾತ್ರ ಅವಳು ನೋಡಿರಲಿಲ್ಲ.

ಅಂದು ಬೆಳಿಗ್ಗೆ ದೋಣಿ ಅಳಿವೆಯ ಉಪ್ಪುನೀರನ್ನು ಹಿಂದೆ ಬಿಟ್ಟು ಹೊಳೆಯ ತಣ್ಣನೆಯ ಸಿಹಿನೀರಿಗೆ ಬಂದಾಗ ಅವಳು ಚಪ್ಪಲಿ ಬಿಚ್ಚಿ, ಸೀರೆ ತುಸು ಎತ್ತಿ, ಕಾಲನ್ನು ನೀರಿಗೆ ಇಳಿಬಿಟ್ಟು ಕುಳಿತಳು. ಎರಡೂ ದಂಡೆಯಿಂದ ಮರಗಳು ಬಾಗಿ ಬಂದು ತಲೆಯ ಮೇಲೆ ಒಂದನ್ನೊಂದು ಮುಟ್ಟುತ್ತಿದ್ದವು. ಬಿಸಿಲು ಅಲ್ಲಲ್ಲಿ ಮಾತ್ರ ನೀರಿಗೆ ಬೀಳುತ್ತಿತ್ತು. ಮಂಗಟ್ಟೆ ಹಕ್ಕಿಯೊಂದು ರೆಕ್ಕೆಯ ಸದ್ದು ಮಾಡುತ್ತ ಹೊಳೆ ದಾಟಿದಾಗ ಅವಳು ಬೆಚ್ಚಿಬಿದ್ದಳು. ಆ ಹಕ್ಕಿಯನ್ನು ಧಾರವಾಡದ ಪ್ರಯೋಗಾಲಯದಲ್ಲಿ ಅವಳು ಸಾವಿರಾರು ಸಲ ಓದಿದ್ದಳು. ಅದರ ರೆಕ್ಕೆ ಇಷ್ಟು ಜೋರಾಗಿ ಸದ್ದು ಮಾಡುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಅಕ್ಕೋರೆ, ಆ ಬದಿ ನೋಡಿ," ಎಂದ ದೋಣಿ ನಡೆಸುತ್ತಿದ್ದ ಗಣಪು ಹರಿಕಂತ್ರ. "ಬಂಡೆ ಮೇಲೆ. ನೀರುನಾಯಿ. ಮರಿನೂ ಅದೆ."

ನೀರುನಾಯಿ ಮೀನನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಕಡೆಯಿಂದ ತಿನ್ನುತ್ತಿತ್ತು. ಸುಲೋಚನಾ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಎದುರು ಕುಳಿತಿದ್ದ, ಪ್ರಯೋಗಾಲಯದ ನಿರ್ದೇಶಕ ಹೊನ್ನಳ್ಳಿಯವರೂ ನಕ್ಕರು.

"ನೋಡ್ರೀ ಸುಲೋಚನಾ, ಎಲ್ಲಾ ನಿಮ್ಮ ಸಾಮ್ರಾಜ್ಯ. ನಾಳಿಂದ ಜಗತ್ತಿಗೇ ಗೊತ್ತಾಗ್ತದ."

ಉಸಿರುಬಲೆ ಎಂಬ ಯಂತ್ರ ಸುಲೋಚನಾಳ ಕೂಸು. ಯಾವ ಜೀವವೂ ಗಾಳಿಯಲ್ಲಿ ತನ್ನ ಗುರುತು ಬಿಡದೆ ಬದುಕಲಾರದು. ಉದುರಿದ ಚರ್ಮದ ಧೂಳು, ಕೆಮ್ಮಿದ ತೇವ, ಹೂವಿನ ಪರಾಗ, ಒಣಗಿದ ಲದ್ದಿಯ ಪುಡಿ, ಎಲ್ಲವೂ ಗಾಳಿಯಲ್ಲಿ ತೇಲುತ್ತಿರುತ್ತವೆ. ಅವುಗಳಲ್ಲಿ ಆಯಾ ಜೀವಿಯ ವಂಶವಾಹಿಯ ಚೂರುಗಳಿರುತ್ತವೆ. ಮರಕ್ಕೆ ಕಟ್ಟಿದ ಉಸಿರುಬಲೆ ದಿನವಿಡೀ ಗಾಳಿ ಎಳೆದುಕೊಂಡು ಆ ಚೂರುಗಳನ್ನು ಹಿಡಿದು, ಓದಿ, ಸುತ್ತಲಿನ ಕಾಡಿನಲ್ಲಿ ಯಾರು ಯಾರಿದ್ದಾರೆ ಎಂದು ಧಾರವಾಡಕ್ಕೆ ಹೇಳುತ್ತಿತ್ತು. ಇರುವೆಯಿಂದ ಆನೆಯವರೆಗೆ ಅದಕ್ಕೆ ತಪ್ಪಿಸಿಕೊಂಡವರಿಲ್ಲ.

ಯಂತ್ರ ಬಂದ ಎರಡು ವರ್ಷಕ್ಕೆ ಜೀವಸಾಕ್ಷಿ ಕಾಯ್ದೆ ಬಂತು. ಮನುಷ್ಯರು ಸುಳ್ಳು ಹೇಳುತ್ತಾರೆ, ಅಧಿಕಾರಿಗಳು ಕಣ್ಣು ಮುಚ್ಚಿಕೊಳ್ಳುತ್ತಾರೆ, ಗಾಳಿ ಯಾರ ಮುಲಾಜಿಗೂ ಬೀಳುವುದಿಲ್ಲ. ಆದ್ದರಿಂದ ಇನ್ನು ಮುಂದೆ ಒಂದು ಜಾಗದಲ್ಲಿ ಯಾವ ಜೀವವಿದೆ ಎಂಬುದಕ್ಕೆ ಉಸಿರುಬಲೆಯ ಮಾತೇ ಕೊನೆಯ ಮಾತು ಎಂದು ಕಾಯ್ದೆ ಹೇಳಿತು. ಜನ ಚಪ್ಪಾಳೆ ತಟ್ಟಿದರು. ಸುಲೋಚನಾಳಿಗೆ ಶಾಲು ಹೊದಿಸಿದರು. ಯಂತ್ರಗಳು ಹೇಳಿದ್ದನ್ನೆಲ್ಲ ಕಂದಾಯ ಊರುಗಳ ಹಳೆಯ ಪಟ್ಟಿಗೆ ಸೇರಿಸಿ ನಾಡಿನ ಜೀವಪಟ ತಯಾರಾಯಿತು. ಶಾಲೆ ಎಲ್ಲಿ ಬೇಕು, ನಲ್ಲಿ ಎಲ್ಲಿಗೆ ಹೋಗಬೇಕು, ಔಷಧ ಹೊತ್ತ ಡ್ರೋನ್ ಎಲ್ಲಿ ಇಳಿಯಬೇಕು ಎಂಬುದೆಲ್ಲ ಆ ಪಟ ನೋಡಿಯೇ ತೀರ್ಮಾನವಾಗತೊಡಗಿತು.

ಕರಿಹೊಳೆಯ ಕಾಡಿನಲ್ಲಿ ಒಬ್ಬ ಮನುಷ್ಯನೂ ಇಲ್ಲ ಎಂದು ಜೀವಪಟ ಹೇಳಿತ್ತು. ಮನುಷ್ಯನ ಸೋಂಕಿಲ್ಲದ ಮಳೆಕಾಡನ್ನು ಕಾಪಿಡಲೆಂದು ಹುಡುಕುತ್ತಿದ್ದ ಹೊರದೇಶದ ಕಂಪನಿಯೊಂದಕ್ಕೆ ಅದನ್ನು ನಿರ್ಜನ ಅರಣ್ಯ ಎಂದು ಕೊಡುವುದೆಂದಾಯಿತು. ಆ ದಿನ ಸಂಜೆ ಅಳಿವೆಯಲ್ಲಿ ದೋಣಿ ನಿಲ್ಲುವ ಧಕ್ಕೆಯ ಮೇಲೆ ಸಮಾರಂಭ. ಮರುದಿನದಿಂದ ಹೊಳೆಗೆ ಕಬ್ಬಿಣದ ಗೇಟು. ಅದಕ್ಕೆ ಮುಂಚೆ ಒಮ್ಮೆ ಯಂತ್ರಗಳನ್ನು ನೋಡಿಕೊಂಡು ಬರೋಣ ಎಂದು ಹೊನ್ನಳ್ಳಿಯವರು ಸುಲೋಚನಾಳನ್ನು ಕರೆದುಕೊಂಡು ಹೊರಟಿದ್ದರು.

ಮೊದಲ ಎರಡು ಯಂತ್ರಗಳು ದಂಡೆಯ ಹತ್ತಿರವೇ ಇದ್ದವು. ಒಂದು ಇದ್ದದ್ದು ರಾಮಪತ್ರೆ ಮರಗಳ ಕೆಸರು ಜಡ್ಡಿಯಲ್ಲಿ. ಅಲ್ಲಿ ಬೇರುಗಳು ಮಡಿಸಿದ ಮೊಣಕಾಲಿನಂತೆ ನೀರಿನಿಂದ ಮೇಲೆದ್ದು ಮತ್ತೆ ನೀರಿಗೇ ಇಳಿದಿದ್ದವು. ಸುಲೋಚನಾ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಯಂತ್ರದ ಬಾಯಿ ಒರೆಸಿದಳು. ಮೇಲೆ ಸಿಂಗಳೀಕಗಳ ಗುಂಪು ಹಲಸಿನ ತೊಳೆ ಉದುರಿಸುತ್ತಿತ್ತು. ತಾನು ಮಾಡಿದ ಕೆಲಸ ಇವಕ್ಕೆಲ್ಲ ನೆಮ್ಮದಿ ತಂದಿದೆ ಎಂಬ ಹೆಮ್ಮೆಯಿಂದ ಅವಳಿಗೆ ಮೈಯೆಲ್ಲ ಹಗುರಾಯಿತು. ಆ ಹೆಮ್ಮೆ ಮಧ್ಯಾಹ್ನದವರೆಗೂ ಉಳಿಯಲಿಲ್ಲ.

ಹೊಳೆ ಎಡಕ್ಕೆ ತಿರುಗುವ ಕಡೆ ಗಣಪು ಇಂಜಿನ್ ನಿಲ್ಲಿಸಿ ದೋಣಿಯನ್ನು ದಂಡೆಗೆ ತಂದ. ದೋಣಿಯ ಮೂಲೆಯಿಂದ ಒಂದು ಚೀಲ ಎತ್ತಿ ಹೆಗಲಿಗೇರಿಸಿದ. ಒಣಮೀನಿನ ವಾಸನೆ ಬಂತು.

"ಇದು ಯಾರಿಗೆ?" ಎಂದು ಸುಲೋಚನಾ ಕೇಳಿದಳು.

"ಸುಗಂಧಾ ಬಾಯಿಗೆ. ಉಪ್ಪು, ಒಣಮೀನು. ಮಳೆಗಾಲಕ್ಕೆ ಮೊದಲು ಕೊಡ್ತೆ. ಅವರು ನಂಗೆ ಮುರುಗಲ ಸಿಪ್ಪೆ ಕೊಡ್ತ್ರು."

"ಎಲ್ಲಿ ಇರ್ತಾರ ಅವರು?"

ಗಣಪು ಅವಳನ್ನು ವಿಚಿತ್ರವಾಗಿ ನೋಡಿದ. "ಎಂತ ಅಕ್ಕೋರೆ, ಇಲ್ಲೇ. ಆಂಬೇಮಾಳದಲ್ಲಿ. ನಿಮ್ಮ ಪೆಟ್ಟಿಗೆ ಇರುದೂ ಅವರ ಹಿತ್ತಲಲ್ಲೇ ಅಲ್ವ?"

ಸುಲೋಚನಾ ಹೊನ್ನಳ್ಳಿಯವರ ಕಡೆ ತಿರುಗಿದಳು. ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಅಚ್ಚರಿ ಇರಲಿಲ್ಲ.

ದಂಡೆ ಹತ್ತಿ ಸ್ವಲ್ಪ ದೂರ ನಡೆದಾಗ ಕಾಡು ಸರಿದು ಬಯಲಾಯಿತು. ಮಣ್ಣಿನ ಗೋಡೆಯ, ಹುಲ್ಲು ಹೊದಿಸಿದ ಮನೆಗಳು. ಅಂಗಳಗಳಲ್ಲಿ ಮುರುಗಲ ಹಣ್ಣಿನ ಕೆಂಪು ಸಿಪ್ಪೆ ಒಣಗುತ್ತಿತ್ತು. ಒಂದು ಹಸು ಕರುವನ್ನು ನೆಕ್ಕುತ್ತಿತ್ತು. ನಾಯಿ ಬೊಗಳಿತು, ಕೋಳಿಗಳು ಚದುರಿದವು. ಹಿತ್ತಿಲ ಹೆಬ್ಬಲಸಿನ ಮರಕ್ಕೆ ಸುಲೋಚನಾಳ ಉಸಿರುಬಲೆ ಬಿಗಿದಿತ್ತು. ಅದರ ಕಬ್ಬಿಣದ ಕೊಕ್ಕೆಗೆ ಯಾರೋ ಹಗ್ಗದ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ಮನೆಯ ಕಂಬಕ್ಕೆ ಎಳೆದು, ಸೀರೆ ಒಣಹಾಕಿದ್ದರು.

ಸುಲೋಚನಾ ಆ ಹಗ್ಗದ ಕೆಳಗೆ ನಿಂತುಬಿಟ್ಟಳು. ಒದ್ದೆ ಸೀರೆ ಗಾಳಿಗೆ ಹಾರಿ ಅವಳ ಕೆನ್ನೆಗೆ ಬಡಿಯಿತು.

ಸುಗಂಧಾ ವೇಳಿಪ್ ಒಳಗಿಂದ ಬಂದಳು. ಐವತ್ತರ ಆಚೀಚಿನ ಗಟ್ಟಿ ಹೆಂಗಸು, ಕುಣಬಿ ಬುಡಕಟ್ಟಿನವಳು, ಸೀರೆಯನ್ನು ಹೆಗಲ ಮೇಲೆ ಗಂಟು ಹಾಕಿ ಉಟ್ಟಿದ್ದಳು. ಬಂದವರು ಯಾರೆಂದು ಕೇಳದೆಯೇ ಚಾಪೆ ಹಾಸಿ ಮುರುಗಲ ಪಾನಕ ತಂದಿಟ್ಟಳು. ಆಮೇಲೆ, ಯಂತ್ರದ ಕಡೆ ಕೈ ತೋರಿಸಿ, "ಅದು ನಿಮ್ದೇ ಅಂಬ್ರು ಗಣಪಣ್ಣ. ಎಂತ ಮಾಡ್ತದೆ ಅದು?" ಎಂದಳು.

ಇಲ್ಲಿ ಯಾರಿದ್ದಾರೆ ಎಂದು ಹೇಳುತ್ತದೆ ಎನ್ನಲು ಸುಲೋಚನಾಳ ನಾಲಿಗೆ ಏಳಲಿಲ್ಲ. ಲೋಟ ಕೆಳಗಿಟ್ಟು ಹೊನ್ನಳ್ಳಿಯವರನ್ನು ಅಂಗಳದ ಮೂಲೆಗೆ ಕರೆದಳು.

"ಸರ್, ಈ ಊರು ನಿಮಗ ಗೊತ್ತಿತ್ತು."

"ಊರಲ್ರೀ. ನಾಕು ಗುಡಿಸಲು."

"ಕಾಯ್ದೆ ಮಾಡೂ ಮುಂದ ನಾ ಸಭಾದಾಗ ಎದ್ದು ನಿಂತು ಹೇಳಿದ್ನಿಲ್ಲ? ಉಸಿರುಬಲೆ ಮನುಷ್ಯಾರನ್ನ ಎಣಸೂದಿಲ್ಲ ಅಂತ? ಯಂತ್ರ ಕಟ್ಟಾವರ ಕೈ, ಸ್ವಚ್ಛ ಮಾಡಾವರ ಉಸಿರು, ಎಲ್ಲಾ ಬಲ್ಯಾಗ ಬೀಳತೈತಿ. ಅದಕ್ಕ ಮನುಷ್ಯನ ಚೂರು ಸಿಕ್ರ ಹೊಲಸು ಅಂತ ತಿಳದು ತಗದು ಒಗೀತೈತಿ. ಕಪ್ಪಿ, ಹಕ್ಕಿ ಹುಡುಕಾಕ ಮಾಡಿದ ಯಂತ್ರ ಅದು. ಮನುಷ್ಯಾರ ಸಲುವಾಗಿ ಅದನ್ನ ನಂಬಬ್ಯಾಡ್ರಿ ಅಂದಿದ್ದೆ."

"ಅಂದಿದ್ರಿ. ನಾವೂ ಕೇಳಿಸ್ಕೊಂಡೀವಿ," ಎಂದರು ಹೊನ್ನಳ್ಳಿ ಸಮಾಧಾನವಾಗಿ. "ಆದ್ರ ಕಾಯ್ದೆದಾಗ ಆ ಮಾತು ಬರಲಿಲ್ಲ. ಯಂತ್ರ ಇಲ್ಲ ಅಂದ್ರ ಇಲ್ಲ. ನಾನಾಗ್ಲಿ ನೀವಾಗ್ಲಿ ಏನು ಮಾಡೋದು?"

ಸುಲೋಚನಾ ಅಂಗಳದ ಕಡೆ ನೋಡಿದಳು. ಕರು ತಾಯಿಯ ಕೆಚ್ಚಲಿಗೆ ತಲೆ ಗುದ್ದುತ್ತಿತ್ತು. ಈ ಯಂತ್ರದ ವರದಿಯನ್ನು ಅವಳೇ ತಿಂಗಳುಗಟ್ಟಲೆ ಓದಿದ್ದಳು. ಅದರಲ್ಲಿ ಮಂಗಟ್ಟೆ ಇತ್ತು, ಕಾಡುಪಾಪ ಇತ್ತು, ಹುಲಿ ಇತ್ತು. ಹಸು ಇರಲಿಲ್ಲ. ಕೋಳಿ ಇರಲಿಲ್ಲ. ನಾಯಿ, ಭತ್ತ, ಮೆಣಸಿನಕಾಯಿ ಯಾವುದೂ ಇರಲಿಲ್ಲ. ಅವಿಲ್ಲವೆಂದೇ ಇಲ್ಲಿ ಮನೆಯೂ ಇಲ್ಲವೆಂದು ಅವಳು ನಂಬಿದ್ದಳು.

"ಮನುಷ್ಯಾನ್ನ ತಗದಾಕಿ ನಾನು," ಎಂದಳು. "ಆಕಳಾ ತಗದವರು ಯಾರು?"

ಹೊನ್ನಳ್ಳಿ ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದರು.

"ಆಕಳಾ, ಕೋಳಿ, ನಾಯಿ, ಅಕ್ಕಿ. ಮನಿ ಇದ್ದಲ್ಲೆ ಇರೂವಂಥಾವನ್ನ ಒಂದೊಂದಾಗಿ ಆರಿಸಿ ಆರಿಸಿ ತಗದಾರ. ಇದು ಯಂತ್ರದ ತಪ್ಪಲ್ಲ. ಕುಂತು ಮಾಡಿದ ಕೆಲಸ."

"ನಮ್ಮ ಹುಡುಗರ ಊಟದ ಡಬ್ಬಿಯಿಂದ ಅಕ್ಕಿ, ಕೋಳಿ ಬಲ್ಯಾಗ ಸಿಗ್ತಿದ್ವು. ಅವೂ ಕಸಾನ ಅಂತ ತೀರ್ಮಾನ ಆತು. ನೀವು ಆಗ ಬೇರೆ ಕೆಲಸದಾಗ ಇದ್ರಿ."

"ಮತ್ತ ಆಕಳಾ? ಅದೂ ಡಬ್ಬ್ಯಾಗ ಕುಂತು ಬಂದಿತ್ತೇನು?"

ಹೊನ್ನಳ್ಳಿ ಮೊದಲ ಸಲ ಮುಖ ಗಂಟಿಕ್ಕಿದರು. "ದೊಡ್ಡ ಕೆಲಸ ನಡದಾಗ ಸಣ್ಣದನ್ನ ಹಿಡಕೊಂಡು ಕೂಡಬಾರದು. ಇಡೀ ಕಾಡು ಉಳೀತದ ಸುಲೋಚನಾ. ಇವರಿಗೆ ಎಲ್ಲ್ಯಾದ್ರೂ ಒಂದು ಕಾಲೋನಿ ಕಟ್ಟಿ ಕೊಡೋಣು."

"ಯಾರಿಗೆ ಕಟ್ಟಿ ಕೊಡ್ತೀರಿ? ಇಲ್ಲೆ ಯಾರೂ ಇಲ್ಲಲ್ಲ!"

ಆಗಲೇ ಮನೆಯ ಹಿಂದಿನ ಕಾಡಿನಿಂದ ಕೂಗು ಕೇಳಿತು. ಇಬ್ಬರು ಹೆಂಗಸರು ಒಬ್ಬಳನ್ನು ಹೊತ್ತುಕೊಂಡು ಓಡಿ ಬಂದರು. ಸುಗಂಧಾ ಕೈಯಲ್ಲಿದ್ದ ಪಾತ್ರೆ ಬಿಟ್ಟು ಹಾರಿದಳು. ಅವಳ ಮಗಳು ಶೇವಂತಿ. ಮರದ ಕೆಳಗೆ ಉದುರಿದ ಮುರುಗಲ ಹಣ್ಣು ಆರಿಸುತ್ತಿದ್ದಾಗ ತರಗೆಲೆಯ ಒಳಗಿಂದ ಮಂಡಲದ ಹಾವು ಪಾದಕ್ಕೆ ಕಚ್ಚಿತ್ತು. ಪಾದ ಆಗಲೇ ಊದಿ ಹೊಳೆಯುತ್ತಿತ್ತು. ಶೇವಂತಿ ಹಲ್ಲು ಕಚ್ಚಿಕೊಂಡಿದ್ದಳು. ಬಾಯಿ ತೆರೆದಾಗ ಒಸಡಿನಲ್ಲಿ ನೆತ್ತರು ಕಂಡಿತು.

ಸುಲೋಚನಾ ಕಾಲಿಗೆ ಬಟ್ಟೆ ಕಟ್ಟಲು ಬಂದವರನ್ನು ತಡೆದು, ಶೇವಂತಿಯನ್ನು ಚಾಪೆಯ ಮೇಲೆ ಅಲುಗಾಡದಂತೆ ಮಲಗಿಸಿದಳು. ದೋಣಿಯಲ್ಲಿ ಅಳಿವೆ ಸೇರಲು ಮೂರು ತಾಸಾದರೂ ಬೇಕು. ಈ ನೆತ್ತರು ಅಷ್ಟು ಹೊತ್ತು ಕಾಯುವುದಿಲ್ಲ. ಆದರೆ ಪ್ರತಿವಿಷ ಹೊತ್ತ ಡ್ರೋನ್ ಗುಡ್ಡದಾಚೆಯ ನೆಲೆಯಿಂದ ಅನ್ನ ಬೇಯುವಷ್ಟರಲ್ಲಿ ಬರುತ್ತದೆ. ಅವಳು ದೋಣಿಯಲ್ಲಿದ್ದ ಉಪಗ್ರಹ ಫೋನು ತರಿಸಿ ಪ್ರಾಣರಕ್ಷಾ ಕೇಂದ್ರಕ್ಕೆ ಕರೆ ಮಾಡಿದಳು. ಆ ಕೇಂದ್ರದ ನಿಯಂತ್ರಣ ಕೊಠಡಿ ಹುಬ್ಬಳ್ಳಿಯಲ್ಲಿತ್ತು. ಅಲ್ಲಿನ ಗೋಡೆಯ ತುಂಬ ಜೀವಪಟವೇ ಬೆಳಗುತ್ತಿರುವುದನ್ನು ಅವಳು ಎಷ್ಟೋ ಸಲ ನೋಡಿ ಸಂತೋಷಪಟ್ಟಿದ್ದಳು.

"ಪ್ರಾಣರಕ್ಷಾ ಕೇಂದ್ರ, ರುಬೀನಾ ಮಾತಾಡಾಕತ್ತೀನ್ರಿ," ಎಂದಿತು ಎಳೆಯ ದನಿ.

"ಹಾವು ಕಚ್ಚೇತಿ. ಕರಿಹೊಳಿ ದಂಡಿ, ಆಂಬೇಮಾಳ. ಲಗೂನ ಪ್ರತಿವಿಷ ಕಳಸ್ರಿ."

ಕೀಲಿಮಣೆಯ ಸದ್ದು ಕೇಳಿತು. "ಮೇಡಂ, ಆ ಜಾಗದಾಗ ಯಾರೂ ಇಲ್ಲಂತ ಬರಾಕತ್ತೈತ್ರಿ."

"ನಾ ಇದ್ದೀನಲ್ಲ! ಇಲ್ಲೇ ನಿಂತು ಮಾತಾಡಾಕತ್ತೀನಿ."

"ನಿಮ್ಮ ದನಿ ಕೇಳಾಕತ್ತೈತ್ರಿ ಮೇಡಂ. ಆದ್ರ ಜನ ಇಲ್ಲದ ಜಾಗಕ್ಕ ಡ್ರೋನ್ ಏಳೂದಿಲ್ರಿ. ಎಷ್ಟ್ ಸಲ ಒತ್ತಿದ್ರೂ ದೀಪ ಕೆಂಪ ಉಳದೈತಿ. ಮ್ಯಾಲಿನವರು ಯಾರರ ಹೂಂ ಅಂದ್ರ ತಗೀಬೌದು."

ಮೇಲಿನವರು ಅಂಗಳದಲ್ಲೇ ನಿಂತಿದ್ದರು. ಸುಲೋಚನಾ ಫೋನನ್ನು ಹೊನ್ನಳ್ಳಿಯವರ ಕೈಗೆ ಹಿಡಿದಳು. "ಒಂದು ಮಾತು ಸರ್. ಇಲ್ಲೆ ಮನುಷ್ಯಾರು ಅದಾರ ಅಂತ ಒಂದ ಮಾತು ಹೇಳ್ರಿ."

ಹೊನ್ನಳ್ಳಿ ಫೋನು ಮುಟ್ಟಲಿಲ್ಲ. ಶೇವಂತಿಯನ್ನು ನೋಡಿದರು, ಕಣ್ಣು ತಪ್ಪಿಸಿದರು. "ನನ್ನ ಬಾಯಿಂದ ಆ ಮಾತು ಬಂದ್ರ ಸಂಜೀ ಸಮಾರಂಭ ಮುಗೀತು. ವರ್ಷಗಟ್ಟಲೆ ಮಾಡಿದ ಕೆಲಸ ಹೋತು. ಹುಡುಗಿನ್ನ ನಮ್ಮ ದೋಣ್ಯಾಗ ಹಾಕ್ಕೊಂಡು ಹೋಗೋಣ ನಡೀರಿ. ಖರ್ಚು ನಂದು. ನಾ ಏನು ಕಲ್ಲಲ್ಲ."

"ದೋಣಿ ಮುಟ್ಟೂದ್ರಾಗ ಸಾಯ್ತಾಳ."

"ಹಂಗ ಯಾಕ ಅಂತೀರಿ? ದೇವರಿದ್ದಾನ."

ಸುಲೋಚನಾಳಿಗೆ ಆ ಮನುಷ್ಯನ ಕನ್ನಡಕ ಕಿತ್ತು ನೆಲಕ್ಕೆ ಬಡಿಯಬೇಕೆನ್ನಿಸಿತು. ಅದಕ್ಕೂ ಹೊತ್ತಿರಲಿಲ್ಲ. ಫೋನನ್ನು ಕಿವಿಗೆ ಹಿಡಿದಳು. ಆ ಕಡೆ ರುಬೀನಾ ಎಲ್ಲ ಕೇಳಿಸಿಕೊಂಡಿದ್ದಳು. ಅವಳು ದನಿ ತಗ್ಗಿಸಿ ಹೇಳಿದಳು: "ಮೇಡಂ, ತಪ್ಪು ತಿಳೀಬ್ಯಾಡ್ರಿ. ನನಗ ಹೇಳಾಕ ನಾಚಿಕಿ ಆಗತೈತಿ. ಮನುಷ್ಯಾರಿಗೆ ಕಳಸಾಕ ಬರೂದಿಲ್ಲ. ಆದ್ರ ನಮ್ಮ ಬಾಜೂ ಖುರ್ಚ್ಯಾಗ ವನ್ಯಜೀವಿ ಚಿಕಿತ್ಸಾದವರು ಕುಂದರ್ತಾರ. ಹಾವಿನ ಔಷಧ ಎರಡಕ್ಕೂ ಒಂದರಿ. ಪಟದಾಗ ಅಲ್ಲೆ ಹುಲಿ ಐತಿ."

ಸುಲೋಚನಾ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಸುಗಂಧಾ ಎದುರಿಗಿದ್ದಳು, ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು. ಅವಳಿಗೆ ಹೇಳದೆ ಈ ಕೆಲಸ ಮಾಡುವುದು ಸರಿಯಲ್ಲ ಎನ್ನಿಸಿತು.

"ಬಾಯಾರ, ಔಷಧ ತರಿಸಬೇಕಂದ್ರ ನಿಮ್ಮ ಮಗಳನ್ನ ಹುಲಿ ಅಂತ ಹೇಳಬೇಕಾಗೇತಿ."

ಸುಗಂಧಾ ಮಗಳ ಹಣೆಯ ಮೇಲಿನ ಕೂದಲು ಸರಿಸಿದಳು.

"ಹುಲಿಗೆ ಬರ್ತದಾ?"

"ಬರತೈತಿ."

"ನಮಗೆ ಬರುದಿಲ್ವ?"

"ಇಲ್ಲ."

"ಹಂಗಾರೆ ಹುಲಿ ಅಂತಲೇ ಹೇಳಿ," ಎಂದಳು ಸುಗಂಧಾ. ಅವಳ ಕಣ್ಣು ಹೊನ್ನಳ್ಳಿಯವರ ಮೇಲಿತ್ತು. "ಮೊದಲು ಮಗಳು ಬದುಕಲಿ. ಆಮೇಲೆ ನಾ ಅವರನ್ನ ಕೇಳ್ತೆ."

ಹೆಣ್ಣುಹುಲಿ, ಹಾವಿನ ಕಡಿತ, ಹಿಂಗಾಲು ಎಂದು ಸುಲೋಚನಾ ಹೇಳಿದಳು. ಹುಬ್ಬಳ್ಳಿಯಲ್ಲಿ ಕೆಂಪು ದೀಪ ಒಮ್ಮೆಲೇ ಹಸಿರಾಯಿತು. ಯಾರೂ ಪ್ರಶ್ನೆ ಕೇಳಲಿಲ್ಲ, ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಮರಗಳ ತುದಿಯ ಮೇಲೆ ಡ್ರೋನಿನ ಗುಂಯ್ ಸದ್ದು ಕೇಳಿದಾಗ ಸುಗಂಧಾಳ ಒಲೆಯ ಮೇಲಿನ ಅನ್ನ ಇನ್ನೂ ಬೆಂದಿರಲಿಲ್ಲ.

ಬಂದ ಪೆಟ್ಟಿಗೆಯೊಳಗೆ ಔಷಧದ ಸೀಸೆಗಳು, ತಾನೇ ನರ ಹುಡುಕಿ ಸೂಜಿ ಚುಚ್ಚುವ ಒಂದು ಪಟ್ಟಿ, ಮಾತಾಡುವ ಪರದೆ ಇದ್ದವು. ಪಟ್ಟಿ ಪ್ರಾಣಿಯ ಕಾಲಿಗೆ ಮಾಡಿದ್ದು, ಶೇವಂತಿಯ ತೋಳಿಗೆ ಎರಡು ಸುತ್ತು ಬಂತು. ಪರದೆಯಲ್ಲಿ ವನ್ಯಜೀವಿ ವೈದ್ಯ ಬೀಳಗಿ ಕಾಣಿಸಿಕೊಂಡರು. ಹುಲಿಗೆ ಸಿದ್ಧರಾಗಿ ಕುಳಿತಿದ್ದ ಅವರ ಮುಖ ಶೇವಂತಿಯನ್ನು ನೋಡಿ ಬಿಳಿಚಿತು.

"ಇದೇನು? ನಾ ಪಶುವೈದ್ಯ..."

"ಡಾಕ್ಟ್ರ, ಬ್ಯಾರೆ ಯಾರನ್ನೂ ಕಳಸೂದಿಲ್ಲ ಅಂದಾರ. ನೀವ ಹೇಳ್ರಿ, ನಾ ಮಾಡ್ತೀನಿ," ಎಂದಳು ಸುಲೋಚನಾ.

ಬೀಳಗಿಯವರು ಕುರ್ಚಿ ಮುಂದೆಳೆದುಕೊಂಡು, "ಪ್ರತಿವಿಷದ ಲೆಕ್ಕ ಮೈತೂಕದ ಮ್ಯಾಲಿಲ್ಲ, ಹಾವಿನ ವಿಷದ ಮ್ಯಾಲೆ. ಭಯ ಬ್ಯಾಡ. ಮೊದಲ ಆ ತಾಯಿಗೆ ಹೇಳ್ರಿ, ಮಗಳ ಕೈ ಹಿಡಕೊಳ್ಳಲಿ," ಎಂದರು. ಪಕ್ಕದಲ್ಲೇ ಮನುಷ್ಯರ ವೈದ್ಯೆಯೊಬ್ಬರನ್ನೂ ಕರೆದು ಕೂರಿಸಿಕೊಂಡರು. ಸೀಸೆಯ ಮೇಲೆ ಸೀಸೆ ಶೇವಂತಿಯ ನೆತ್ತರಿಗೆ ಇಳಿಯಿತು. ನಡುವೆ ಅವಳಿಗೆ ಚಳಿ ಹತ್ತಿ ಮೈಯೆಲ್ಲ ಅದುರಿತು. ಅದಕ್ಕೂ ಆ ಪೆಟ್ಟಿಗೆಯಲ್ಲೇ ಔಷಧವಿತ್ತು. ಬಿಸಿಲು ಅಂಗಳದಿಂದ ಹಿತ್ತಿಲಿಗೆ ಸರಿಯುವ ಹೊತ್ತಿಗೆ ಒಸಡಿನ ನೆತ್ತರು ನಿಂತಿತು. ಶೇವಂತಿ ನೀರು ಕೇಳಿದಳು.

ದೋಣಿಯಲ್ಲಿ ಅವಳನ್ನು ಮಲಗಿಸಿ, ಸುಗಂಧಾಳನ್ನೂ ಹತ್ತಿಸಿಕೊಂಡು ಹೊಳೆಯ ಇಳಿವಿಗೆ ಹೊರಟರು. ಬೆಳಿಗ್ಗೆ ನೋಡಿದ ಕಾಡೇ ಎರಡೂ ಕಡೆ ಹಿಂದಕ್ಕೆ ಸರಿಯುತ್ತಿತ್ತು. ಸುಲೋಚನಾ ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ. ಹೊನ್ನಳ್ಳಿಯವರ ಫೋನು ಮೇಲಿಂದ ಮೇಲೆ ಸದ್ದು ಮಾಡುತ್ತಿತ್ತು. ಅವರು ಓದಿ ಓದಿ ಹುರುಪಾಗುತ್ತಿದ್ದರು. ಕೊನೆಗೆ ಸುಲೋಚನಾಳ ಪಕ್ಕಕ್ಕೆ ಬಂದು ಕುಳಿತರು.

"ಜೀವಪಟದಾಗ ಬಂದ ಸುದ್ದಿ ಎಲ್ಲಾ ಕಡೆ ಹಬ್ಬೇದ್ರೀ. ಹಾವು ಕಡಿದ ಹೆಣ್ಣುಹುಲಿನ್ನ ನಮ್ಮ ತಂತ್ರಜ್ಞಾನ ಉಳಿಸ್ತು ಅಂತ. ಕಂಪನಿಯವರಿಗೆ ಬಾಳ ಖುಷಿ. ಧಕ್ಕೆದಾಗ ಪತ್ರಕರ್ತರು ಕಾಯ್ಲಿಕ್ಕತ್ತಾರ. ಹುಲಿ ಗುಣ ಆಗಿ ಕಾಡಿಗೆ ಹೋತು ಅಂತ ನೀವು ಎರಡು ಮಾತು ಆಡಿದ್ರ ಸಾಕು. ಈ ಹುಡುಗಿನ್ನ ಹಿಂದಿನ ಮೀನು ಧಕ್ಕೆದಾಗ ಇಳಿಸೋಣು. ಒಳ್ಳೆ ಆಸ್ಪತ್ರೆಗೆ ಸೇರಿಸ್ತೀನಿ. ಎಲ್ಲಾರಿಗೂ ಒಳ್ಳೇದು."

ಸುಲೋಚನಾ ಅವರನ್ನು ದಿಟ್ಟಿಸಿ ನೋಡಿದಳು. "ಆಕಿ ಇಲ್ಲೇ ಮಲಗ್ಯಾಳ. ಕೇಳಾಕತ್ತಾಳ."

"ಅದಕ್ಕ ಹೇಳ್ಲಿಕ್ಕತ್ತೀನಿ. ಆಕಿದೂ ಒಳ್ಳೇದಾಗ್ತದ."

"ಸರ್, ನೀವು ಆಕೀನ ಎರಡು ಸಲ ಕೊಂದ್ರಿ. ಒಮ್ಮೆ ಆಕಿ ಇಲ್ಲ ಅಂದ್ರಿ. ಆಕಿ ಬದುಕಿದ ಮ್ಯಾಲೆ ಆ ಬದುಕನ್ನೂ ಹುಲಿಗೆ ಕೊಡಾಕ ಹೊಂಟೀರಿ."

ಹೊನ್ನಳ್ಳಿಯವರು ಎದ್ದು ಗಣಪುವಿನ ಹತ್ತಿರ ಹೋದರು. "ಮೀನು ಧಕ್ಕೆಗೆ ತಿರುಗಿಸಪ್ಪ."

ಗಣಪು ಅಳಿವೆಯ ಅಲೆಯನ್ನು ನೋಡುತ್ತಲೇ ಇದ್ದ. "ಅಲ್ಲಿ ನೀರು ಸಾಲುದಿಲ್ಲ ಒಡೆಯಾ," ಎಂದ. ಕಡಲ ಭರತದ ನೀರು ದಂಡೆ ತುಂಬಿ ತುಳುಕುತ್ತಿತ್ತು. ಅವನು ದೋಣಿಯನ್ನು ನೇರವಾಗಿ ದೀಪ, ತೋರಣ, ಕೆಂಪು ಹಾಸು ಹಾಕಿದ್ದ ದೊಡ್ಡ ಧಕ್ಕೆಗೆ ತಂದು ನಿಲ್ಲಿಸಿದ.

ಕ್ಯಾಮೆರಾಗಳು ದೋಣಿಗೆ ಮುತ್ತಿದವು. "ಹುಲಿ ಎಲ್ಲಿ ಸಿಕ್ತು? ಫೋಟೋ ಇದೆಯಾ?" ಎಂದು ಹತ್ತಾರು ದನಿ. ಸುಲೋಚನಾ, ಗಣಪು, ಸುಗಂಧಾ ಮೂವರೂ ಸೇರಿ ಚಾಪೆಯ ಸಮೇತ ಶೇವಂತಿಯನ್ನು ಎತ್ತಿ ಕೆಂಪು ಹಾಸಿನ ಮೇಲೆ ಇಳಿಸಿದರು. ಗದ್ದಲ ತಟ್ಟನೆ ನಿಂತಿತು.

"ಹುಲಿ ಇವಳೇ," ಎಂದಳು ಸುಗಂಧಾ. ಅವಳಿಗೆ ಮೈಕು ಬೇಕಾಗಲಿಲ್ಲ. "ನನ್ನ ಮಗಳು. ನಮ್ಮ ಊರಿಗೆ ಮದ್ದು ಕಳಸುದಿಲ್ಲ, ಅಲ್ಲಿ ಜನ ಇಲ್ಲ ಅಂದ್ರು. ಹುಲಿ ಅಂದ ಮೇಲೆ ಕಳಸಿದ್ರು. ಜನ ಇಲ್ಲ ಅಂದವರು ಯಾರು, ಎದುರಿಗೆ ಬನ್ನಿ. ನಾ ಇಲ್ಲೇ ನಿಂತ್ಕಂತೆ."

ಎದುರಿಗೆ ಯಾರೂ ಬರಲಿಲ್ಲ. ಕಂಪನಿಯವರು ತಮ್ಮ ತಮ್ಮಲ್ಲೇ ಪಿಸುಗುಟ್ಟಿದರು. ಹೊನ್ನಳ್ಳಿಯವರು ದೋಣಿಯಿಂದ ಇಳಿಯಲೇ ಇಲ್ಲ. ಧಕ್ಕೆಯ ಅಡ್ಡಕ್ಕೆ ಕಟ್ಟಿದ್ದ ರಿಬ್ಬನ್ನು ಆಸ್ಪತ್ರೆಗೆ ಒಯ್ಯಲು ಚಾಪೆ ಹೊತ್ತವರಿಗೆ ತೊಡಕಾದಾಗ ಸುಲೋಚನಾ ಅದನ್ನು ಕೈಯಿಂದಲೇ ಕಿತ್ತು ದಾರಿ ಮಾಡಿಕೊಟ್ಟಳು.

ಅಂದು ಸಮಾರಂಭ ನಡೆಯಲಿಲ್ಲ. ಗೇಟಿನ ಕೆಲಸವೂ ನಿಂತಿತು. ನಿಂತಿತು ಅಷ್ಟೇ, ರದ್ದಾಗಲಿಲ್ಲ. ಜನ ಸಿಟ್ಟಾದರು, ಪತ್ರಿಕೆಗಳು ಬರೆದವು, ಒಂದು ವಿಚಾರಣಾ ಮಂಡಳಿ ಕುಳಿತಿತು. ಮಂಡಳಿ ಹೊರಡಿಸಿದ ಮೊದಲ ನೋಟಿಸು ಬಂದದ್ದು ಸುಲೋಚನಾಳಿಗೆ. ಆಂಬೇಮಾಳ ಖಾಲಿ ಎಂದವರಿಗಲ್ಲ, ಹಸುವನ್ನು ಅಳಿಸಿದವರಿಗಲ್ಲ. ಹೆಂಗಸೊಬ್ಬಳನ್ನು ಹುಲಿ ಎಂದು ನಮೂದಿಸಿ ಸರ್ಕಾರದ ಜೀವಪಟಕ್ಕೆ ಸುಳ್ಳು ಮಾಹಿತಿ ಕೊಟ್ಟ ಆರೋಪ ಅವಳ ಮೇಲೆ. ರುಬೀನಾಳನ್ನು ಅಷ್ಟರಲ್ಲಾಗಲೇ ಕೆಲಸದಿಂದ ತೆಗೆದಿದ್ದರು. ಹೊನ್ನಳ್ಳಿಯವರು ರಜೆಯ ಮೇಲಿದ್ದರು.

ವಿಚಾರಣೆಯ ದಿನ ಸುಲೋಚನಾ ಎದ್ದು ನಿಂತು ಒಪ್ಪಿಕೊಂಡಳು. "ಹೌದು, ಸುಳ್ಳು ಹೇಳೀನಿ. ಖರೆ ಹೇಳಾಕ ನಿಮ್ಮ ಯಂತ್ರದಾಗ ಜಾಗಾ ಇರಲಿಲ್ಲ. ಆ ಜಾಗಾ ಮುಚ್ಚಿದವರನ್ನ ಕರಸ್ರಿ, ಅವರ ಮುಂದ ಇನ್ನೊಮ್ಮೆ ಹೇಳ್ತೀನಿ." ಸಾಕ್ಷಿ ಯಾರು ಎಂದು ಅಧ್ಯಕ್ಷರು ಕೇಳಿದರು. ಅವರು ನಿವೃತ್ತ ನ್ಯಾಯಾಧೀಶರು, ವಯಸ್ಸಾದವರು. ಜೀವಪಟದ ಬಗ್ಗೆ ಬರೀ ಭಾಷಣಗಳಲ್ಲಿ ಕೇಳಿದ್ದವರು.

ಶೇವಂತಿ ಮುಂದೆ ಬಂದಳು. ಕಚ್ಚಿದ ಕಾಲನ್ನು ಇನ್ನೂ ಎಳೆದು ನಡೆಯುತ್ತಿದ್ದಳು.

ಗುಮಾಸ್ತ ಹೆಸರು ಕೇಳಿದ. ಹೇಳಿದಳು. ಊರು ಕೇಳಿದ. ಹೇಳಿದಳು. ಅವನು ಒತ್ತಿದ, ಪರದೆಯನ್ನು ನೋಡಿದ, ಮತ್ತೆ ಒತ್ತಿದ. ಆಮೇಲೆ ಅಧ್ಯಕ್ಷರ ಕಡೆ ತಿರುಗಿದ.

"ಸ್ವಾಮಿ, ಆ ಊರನ್ನ ಯಂತ್ರ ತಗೊಳ್ತಾ ಇಲ್ಲ. ವಿಳಾಸ ಇಲ್ಲದೆ ಸಾಕ್ಷಿ ದಾಖಲಾಗೋದಿಲ್ಲ."

"ಇನ್ನೊಮ್ಮೆ ಹಾಕಿ," ಎಂದರು ಅಧ್ಯಕ್ಷರು.

ಹಾಕಿದ. ಪರದೆ ಕೆಂಪಾಯಿತು.

"ಪಕ್ಕದ ಊರು ಯಾವುದಾದರೂ ಹಾಕಿ ಮುಗಿಸಬಹುದು ಸ್ವಾಮಿ," ಎಂದ ಗುಮಾಸ್ತ.

"ಹಾಕಬೇಡಿ," ಎಂದಳು ಶೇವಂತಿ. "ನಾ ಪಕ್ಕದ ಊರಿನವಳಲ್ಲ. ಒಂದು ಸಲ ಹುಲಿ ಆದದ್ದು ಸಾಕು."

ಅಧ್ಯಕ್ಷರು ಕನ್ನಡಕ ತೆಗೆದು ಆ ಹುಡುಗಿಯನ್ನು ನೋಡಿದರು, ಪರದೆಯನ್ನು ನೋಡಿದರು. ಶೇವಂತಿ ಗೋಡೆಯ ಬಳಿಯಿದ್ದ ಕುರ್ಚಿಯನ್ನು ನೆಲಕ್ಕೆ ಕರಕರ ಎಳೆಯುತ್ತ ತಂದು ಅಧ್ಯಕ್ಷರ ಮೇಜಿನ ಎದುರಿಗೇ ಹಾಕಿದಳು. ನೋವಿನ ಕಾಲನ್ನು ಮುಂದೆ ಚಾಚಿ ಕುಳಿತಳು.

"ನಾ ಇಲ್ಲೇ ಕೂತ್ಕಂತೆ," ಎಂದಳು. "ನೀವು ಹುಡುಕಿ."